ಶಿಫೆರಾನ ಎರಡನೆಯ ಕಣ್ಣು

ನಮ್ಮ ಕಡೆ ಚರ್ಚಿನ ಗೋಡೆ ಓದಲು ಅಕ್ಷರ ಬರಬೇಕಾಗಿಲ್ಲ. ಎರಡು ಕಣ್ಣಿದ್ದರೆ ಒಳ್ಳೆಯವನು, ಒಂದೇ ಕಣ್ಣಿದ್ದರೆ ಕೆಟ್ಟವನು. ಸಂತರು, ದೇವದೂತರು, ಮರಿಯಮ್ಮ ಎಲ್ಲರೂ ನಮ್ಮ ಕಡೆ ಪೂರ್ತಿ ಮುಖ ಮಾಡಿ ನಿಂತಿರುತ್ತಾರೆ. ಸೈತಾನ, ಯೂದ, ಯೇಸುವನ್ನು ಹಿಡಿದವರು, ಹೊಡೆದವರು, ಇವರೆಲ್ಲ ಪಕ್ಕಕ್ಕೆ ತಿರುಗಿರುತ್ತಾರೆ. ಒಂದು ಕೆನ್ನೆ, ಒಂದು ಕಣ್ಣು, ಅಷ್ಟೇ. ತಾನಾ ಸರೋವರದ ಸುತ್ತ ಯಾವ ಹಳ್ಳಿಗೆ ಹೋದರೂ ಇದೇ ಪದ್ಧತಿ. ನಮ್ಮಜ್ಜಿ ಗೋಡೆಯ ಈ ಒಕ್ಕಣ್ಣರ ಎದುರು ಬಂದಾಗ ಹೊದಿಕೆಯನ್ನು ಮುಖಕ್ಕೆ ಎಳೆದುಕೊಂಡು ಬೇಗ ಬೇಗ ದಾಟುತ್ತಿದ್ದಳು.

ನನ್ನ ಗಂಡ ಎಂಗಿದಾ ನಲವತ್ತು ವರ್ಷ ಇಂಥ ಗೋಡೆಗಳಿಗೆ ಚಿತ್ರ ಬರೆದವರು. ನಾನು ಯೆಶಿ, ಅವರಿಗೆ ಬಣ್ಣ ಅರೆದುಕೊಟ್ಟವಳು. ಊರಲ್ಲಿ ನನ್ನ ಬಾಯಿಗೆ ಹೆದರುವವರೇ ಜಾಸ್ತಿ, ಹೆದರಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಅಂಥ ಒದೆ ನಾನು ಬೇಕಾದಷ್ಟು ತಿಂದಿದ್ದೇನೆ. ಈಗಲೂ ಇದ್ದದ್ದನ್ನೇ ಹೇಳುತ್ತೇನೆ.

ಇವರದು ಮೇಯ್ದು ಬಂದ ಹಸುವಿನ ಸ್ವಭಾವ. ಅವಸರವಿಲ್ಲ, ಆಸೆಯಿಲ್ಲ, ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಬೆಳಿಗ್ಗೆ ಒಂದೇ ಪುಡಿಯಲ್ಲಿ ಕುದಿಸಿದ ಮೂರು ಸುತ್ತು ಕಾಫಿ ಮುಗಿಯದೆ ಕುಂಚ ಮುಟ್ಟುವವರಲ್ಲ. ಮೂರನೆಯ ಸುತ್ತು ಎಷ್ಟೇ ನೀರಾಗಿದ್ದರೂ "ಇದರಲ್ಲೇ ಕಣೇ ಆಶೀರ್ವಾದ ಇರೋದು" ಎಂದು ಬಟ್ಟಲು ನೆಕ್ಕುವಂತೆ ಕುಡಿಯುತ್ತಾರೆ. ಆಮೇಲೆ ಗೋಡೆಗೆ ಸರೇಸಿನಿಂದ ಹತ್ತಿಬಟ್ಟೆ ಅಂಟಿಸಿ, ಇದ್ದಿಲಿನಲ್ಲಿ ಗೆರೆ ಹಾಕಿ, ಬಟ್ಟೆ, ಕೈಕಾಲು, ಕುದುರೆ, ಕತ್ತಿ ಎಲ್ಲ ಬರೆದು ಮುಗಿಸುತ್ತಾರೆ. ಕಣ್ಣು ಮಾತ್ರ ಕಟ್ಟಕಡೆಗೆ. ಆ ದಿನ ಬೆಳಗಿನಿಂದ ಒಂದು ತುಂಡು ಇಂಜೆರಾ ರೊಟ್ಟಿ ಕೂಡ ಬಾಯಿಗೆ ಹಾಕುವುದಿಲ್ಲ. ಕಣ್ಣಿಗೆ ಬೇಕಾದ ದೀಪದ ಮಸಿಯನ್ನು ಅರೆಯುವುದು ನನ್ನ ಕೆಲಸ. ಅದರಲ್ಲಿ ಒಂದು ಕಾಳಷ್ಟು ಗಟ್ಟಿ ಸಿಕ್ಕರೂ ಸಾಕು, "ಯೆಶೀ, ಇನ್ನೊಂದ್ಸಲ" ಎನ್ನುತ್ತಾರೆ. ನಾನು ಬೈದುಕೊಳ್ಳುತ್ತಾ ಇನ್ನೊಂದು ಸಲ ಅರೆಯುತ್ತೇನೆ.

ಇಂಥ ಸಾಧುವಿಗೂ ಜೀವಮಾನದಲ್ಲಿ ಒಮ್ಮೆ ಸಿಟ್ಟು ಬಂದಿತ್ತು.

ಆಗ ಇವರಿಗೆ ಇಪ್ಪತ್ತನಾಲ್ಕು. ಬೇರೆ ಊರಿನ ಹುಡುಗ. ನಮ್ಮೂರಿನ ಲೋಕರಕ್ಷಕನ ಚರ್ಚಿಗೆ ಚಿತ್ರ ಬರೆಯಲು ಗುರುವಿನ ಜೊತೆ ಬಂದಿದ್ದರು. ಆ ಗುರು ಕಾಯಿಲೆ ಬಿದ್ದು ಊರಿಗೆ ಹೋದರು, ಉತ್ತರದ ಗೋಡೆ ಪೂರ್ತಿ ಇವರ ಕೈಗೆ ಬಂತು. ಮೊದಲ ದೊಡ್ಡ ಕೆಲಸ. ಅದೇ ಸಮಯದಲ್ಲಿ ನಮ್ಮೂರಿನ ಶಿಫೆರಾ ಎಂಬವನು ಇವರಿಗೆ ಒಂದು ಹೇಸರಗತ್ತೆ ಮಾರಿದ. ಶಿಫೆರಾ ದನಕರು ವ್ಯಾಪಾರದವನು, ಗಿಳಿಮೂಗು, ಎಡ ಹುಬ್ಬಿನ ಮೇಲೆ ಉದ್ದ ಗಾಯದ ಗುರುತು. ಆ ಪ್ರಾಣಿಯ ಹಲ್ಲನ್ನು ಅರದಿಂದ ಉಜ್ಜಿ ಚಿಕ್ಕ ವಯಸ್ಸಿನದೆಂದು ತೋರಿಸಿದ್ದ. ಸಾಲದ್ದಕ್ಕೆ ಬೆಳಿಗ್ಗೆಯೇ ಒಂದು ಮಡಕೆ ಬಾರ್ಲಿ ಹೆಂಡ ಕುಡಿಸಿದ್ದ. ಸಂತೆಯಲ್ಲಿ ಅದು ಕುಣಿದದ್ದೇ ಕುಣಿದದ್ದು. ಮಧ್ಯಾಹ್ನಕ್ಕೆ ಅಮಲು ಇಳಿಯಿತು. ಇವರನ್ನೂ ಬಣ್ಣದ ಚೀಲವನ್ನೂ ಕೆಸರಲ್ಲಿ ಕೆಡವಿ ದಾರಿ ಮಧ್ಯದಲ್ಲೇ ಮಲಗಿಬಿಟ್ಟಿತು.

ಇವರು ಮೈಯೆಲ್ಲ ಕೆಸರಾಗಿ ಬಂದು ಸಂತೆಯಲ್ಲಿ ಶಿಫೆರಾನನ್ನು ಹಿಡಿದುಕೊಂಡರು.

"ಮುದಿ ಪ್ರಾಣಿಗೆ ಹೆಂಡ ಕುಡ್ಸಿ ನನ್ನ ತಲೆಗೆ ಕಟ್ಟಿದ್ಯಲ್ಲೋ! ನಿಂಗೆ ನಾಚ್ಕೆ ಆಗಲ್ವಾ?"

"ಕುಡಿದದ್ದು ಹೇಸರಗತ್ತೆ, ಬುದ್ಧಿ ಕಳ್ಕೊಂಡದ್ದು ನೀನು. ಇದ್ರಲ್ಲಿ ನನ್ನದೇನಪ್ಪಾ ತಪ್ಪು?"

ಸಂತೆಗೆ ಸಂತೆಯೇ ಬಿದ್ದು ಬಿದ್ದು ನಕ್ಕಿತು. ಇವರು ನೆಟ್ಟಗೆ ಚರ್ಚಿಗೆ ನಡೆದರು. ಗೋಡೆಯಲ್ಲಿ ಯೇಸುವನ್ನು ಕಂಬಕ್ಕೆ ಕಟ್ಟಿ ಹೊಡೆಯುವ ಚಿತ್ರ ನಡೆದಿತ್ತು. ಚಾವಟಿ ಎತ್ತಿದವನಿಗೆ ಇನ್ನೂ ಮುಖ ಬರೆದಿರಲಿಲ್ಲ. ಆ ಸಂಜೆಯೊಳಗೆ ಬರೆದರು. ಗಿಳಿಮೂಗು, ಹುಬ್ಬಿನ ಮೇಲೆ ಗಾಯ, ಒಂದು ಕಣ್ಣು.

ಚರ್ಚಿನ ಹಬ್ಬದ ದಿನ ಗೋಡೆಯ ಪರದೆ ಸರಿಸಿದಾಗ ಊರಿಗೆಲ್ಲ ಶಿಫೆರಾನ ಗುರುತು ಸಿಕ್ಕಿತು. ಏನು ನಗು, ಏನು ನಗು! ನನಗಾಗ ಹದಿನಾಲ್ಕು. ಗೆಳತಿಯರ ಜೊತೆ ಸೇರಿ ನಾನೂ ಆ ಚಿತ್ರಕ್ಕೆ ಸಣ್ಣ ಕಲ್ಲು ಹೊಡೆದಿದ್ದೇನೆ. ಸುಳ್ಳು ಯಾಕೆ ಹೇಳಲಿ? ಅವತ್ತಿನಿಂದ ಎರಡು ಕಣ್ಣೂ ನೆಟ್ಟಗಿದ್ದ ಮನುಷ್ಯ ಒಕ್ಕಣ್ಣ ಶಿಫೆರಾ ಆದ. ಅವನ ಮನೆ ಒಕ್ಕಣ್ಣನ ಮನೆ, ಅವನ ಮಗಳು ಒಕ್ಕಣ್ಣನ ಮಗಳು. ಆ ಹುಡುಗಿಗೆ ಹತ್ತಿರದಲ್ಲೆಲ್ಲೂ ಗಂಡು ಸಿಗದೆ ನಾಲ್ಕು ದಿನದ ದಾರಿಯಾಚೆ ಕೊಡಬೇಕಾಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಾಲ್ಕು ವರ್ಷದ ಮೇಲೆ ಇವರು ನನ್ನನ್ನು ಮದುವೆಯಾಗಿ ನಮ್ಮೂರಲ್ಲೇ ನೆಲೆ ನಿಂತರು. ಸಿಟ್ಟು ಎಂದೋ ಇಳಿದುಹೋಗಿತ್ತು. ದಾರಿಯಲ್ಲಿ ಶಿಫೆರಣ್ಣ ಸಿಕ್ಕರೆ ಇಬ್ಬರೂ ಬಗ್ಗಿ ಬಗ್ಗಿ ಕ್ಷೇಮ ವಿಚಾರಿಸುತ್ತಿದ್ದರು. ದನ ಹೇಗಿದೆ, ಬೆಳೆ ಹೇಗಿದೆ, ಮೈ ಹುಷಾರೇ. ಹೇಸರಗತ್ತೆಯ ಮಾತು ಯಾರೂ ಎತ್ತಲಿಲ್ಲ, ಗೋಡೆಯ ಮಾತೂ ಎತ್ತಲಿಲ್ಲ. ಶಿಫೆರಣ್ಣ ವ್ಯಾಪಾರದಲ್ಲಿ ಮೋಸ ಬಿಟ್ಟು ತುಂಬ ಕಾಲವಾಗಿತ್ತು. ಪ್ರತಿ ಭಾನುವಾರ ಚರ್ಚಿಗೆ ಬರುತ್ತಿದ್ದ, ಅಂಗಳದ ದೊಡ್ಡ ಮರದ ಕೆಳಗೆ ಕೋಲೂರಿ ನಿಂತು ಪೂಜೆ ಮುಗಿಯುವವರೆಗೆ ಇದ್ದು ಹೋಗುತ್ತಿದ್ದ. ಅಂಗಳದಲ್ಲಿ ನಿಲ್ಲುವವರು ನಮ್ಮಲ್ಲಿ ಎಷ್ಟೋ ಜನ. ಉಪವಾಸ ತಪ್ಪಿದವರು, ಮಡಿ ಕೆಟ್ಟವರು, ಒಳಗೆ ಹೋಗಲು ಮನಸ್ಸು ಅಳುಕಿದವರು ಹೊರಗೇ ನಿಲ್ಲುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ. ನಾವೂ ಕೇಳಲಿಲ್ಲ.

ಹೋದ ವರ್ಷ ಅವನ ಹೆಂಡತಿ ಅಲ್ಗಾನೆಶ್ ತೀರಿಕೊಂಡಳು. ಹೆಣವನ್ನು ಒಳಗೆ ತೆಗೆದುಕೊಂಡು ಹೋದರು, ಪ್ರಾರ್ಥನೆ ಶುರುವಾಯಿತು. ಶಿಫೆರಣ್ಣ ಮರದ ಕೆಳಗೇ ನಿಂತಿದ್ದ. ನನಗೆ ತಡೆಯಲಾಗಲಿಲ್ಲ, ಹೊರಗೆ ಬಂದೆ.

"ಶಿಫೆರಣ್ಣ, ಒಳಗೆ ಬಾ. ಕೊನೇ ಪ್ರಾರ್ಥನೆ ನಡೀತಿದೆ."

"ನೀವೆಲ್ಲ ಇದ್ದೀರಲ್ಲ ತಂಗಿ, ನಡೀಲಿ."

"ಒಳಗಿರೋದು ನಿನ್ನ ಹೆಂಡ್ತಿ ಕಣಣ್ಣ!"

"ನಾನೂ ಒಳಗೇ ಇದ್ದೀನಲ್ಲಮ್ಮ. ಚಾವಟಿ ಹಿಡ್ಕೊಂಡು ನಲವತ್ತು ವರ್ಷದಿಂದ ಅಲ್ಲೇ ನಿಂತಿದ್ದೀನಿ. ಇನ್ನೊಬ್ಬ ಯಾಕೆ?"

ಸಿಟ್ಟಿನಿಂದ ಹೇಳಲಿಲ್ಲ, ವ್ಯಂಗ್ಯವಾಗಿಯೂ ಅಲ್ಲ. ಮಳೆ ಬರೋ ಹಾಗಿದೆ ಎನ್ನುವವನ ಹಾಗೆ ಹೇಳಿದ. ನಾಚಿಕೆಯಿಂದ ಮುಖ ಮುಚ್ಚಿಕೊಂಡು ಒಳಗೆ ಬಂದುಬಿಟ್ಟೆ.

ಮನೆಗೆ ಬಂದು ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಇವರ ಕೈ ತಟ್ಟೆಯಲ್ಲೇ ನಿಂತಿತು.

"ಅವನು ಅದಕ್ಕೇ ಒಳಗೆ ಬರ್ತಿರ್ಲಿಲ್ವೇನೇ? ನಲವತ್ತು ವರ್ಷ?"

"ಮತ್ತೆ ನೀವು ಮಾಡಿದ್ದೇನು ಸಣ್ಣ ಕೆಲಸವಾ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ?"

ಇವರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ, "ನಾನು ಕೊಯ್ದದ್ದು ಮೂಗಲ್ಲ ಕಣೇ, ಕಣ್ಣು. ಕಣ್ಣು ಬರೆಯೋದು ನಂಗೆ ಬರುತ್ತೆ" ಎಂದರು. ಅವತ್ತು ಊಟ ಮುಗಿಸಲಿಲ್ಲ. ಇವರು ತಟ್ಟೆಯಲ್ಲಿ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬರೆಯುವುದೇನೋ ಬರುತ್ತದೆ, ಆದರೆ ಗೋಡೆ ನಮ್ಮಪ್ಪನದಲ್ಲವಲ್ಲ. ಅದೃಷ್ಟಕ್ಕೆ ಆ ಮಳೆಗಾಲದಲ್ಲಿ ಚರ್ಚಿನ ಹುಲ್ಲಿನ ಮಾಡು ಸೋರಿ ಉತ್ತರದ ಗೋಡೆಯ ಬಟ್ಟೆ ಅಲ್ಲಲ್ಲಿ ಉಬ್ಬಿತು. ಮಳೆ ನಿಂತ ಮೇಲೆ ಊರವರು ತಗಡು ಹೊದಿಸಿದರು, ಚಿತ್ರ ಸರಿಮಾಡಲು ಇವರನ್ನೇ ಕರೆದರು. ಇವರು ಮೊದಲ ದಿನವೇ ಗುರು ಲಿಸಾನು ಅವರ ಎದುರು ಹೋಗಿ ನಿಂತರು. ಲಿಸಾನು ನಮ್ಮ ಚರ್ಚಿನ ಮುಖ್ಯ ಗುರುಗಳು, ನಮಗಿಂತ ಚಿಕ್ಕವರು, ಕಟ್ಟುನಿಟ್ಟಿನ ಮನುಷ್ಯ. ನಾನು ಬಣ್ಣದ ಗಂಟು ಹಿಡಿದು ಹಿಂದೆಯೇ ಇದ್ದೆ.

"ಚಾವಟಿಯವನಿಗೆ ಎರಡು ಕಣ್ಣಾ?" ಎಂದು ಗುರುಗಳು ಹೌಹಾರಿದರು. "ಏನ್ ಮಾತಾಡ್ತಿದ್ದೀರಿ ಎಂಗಿದಣ್ಣ? ನಮ್ಮ ಜನ ಗೋಡೆ ಓದೋದೇ ಕಣ್ಣಿಂದ. ನಾಳೆ ಮುದುಕಿಯರು ಯೇಸುಗೆ ಹೊಡೆಯೋನ ಕಾಲಿಗೆ ಮುತ್ತಿಡ್ತಾರೆ!"

"ನಾನು ತಪ್ಪು ಓದಿಸ್ದೆ ಗುರುಗಳೇ. ಅದನ್ನ ಸರಿಮಾಡ್ಬೇಕು."

"ಹಾಗಿದ್ರೆ ಅವನನ್ನ ಒರೆಸಿಹಾಕಿ. ಹೊಸ ಬಟ್ಟೆ ಅಂಟಿಸಿ ಅಲ್ಲೊಂದು ಮರ ಬರೀರಿ. ಮುಗೀತಲ್ಲ?"

"ಮನುಷ್ಯನ್ನ ತೆಗೆದು ಮರ ಇಟ್ರೆ ಅವನಿಗೆ ಕಣ್ಣು ಕೊಟ್ಟ ಹಾಗಾಯ್ತಾ?"

"ಕೆಟ್ಟವರಿಗೆ ಒಂದೇ ಕಣ್ಣು. ನಿಮ್ಮ ಗುರು, ಅವರ ಗುರು, ಎಲ್ಲಾ ಹಾಗೇ ಬರೆದದ್ದು."

ಇವರು ದನಿ ಎತ್ತುವವರಲ್ಲ. ಅವತ್ತು ಎತ್ತಿದರು. "ಯೂದನ್ನ ನಾನು ಕಂಡಿಲ್ಲ, ಹಿರಿಯರು ತೋರಿಸಿದ ಹಾಗೆ ಬರೀತೀನಿ. ಶಿಫೆರಾನ್ನ ಕಂಡಿದ್ದೀನಿ. ದೇವರು ಮನುಷ್ಯನ್ನ ತನ್ನ ರೂಪದಲ್ಲೇ ಮಾಡ್ದ ಅಂತ ನೀವೇ ಮಕ್ಕಳಿಗೆ ಹೇಳಿಕೊಡ್ತೀರಿ. ದೇವರು ಕೊಟ್ಟ ಆ ರೂಪದಲ್ಲಿ ಅರ್ಧ ನಾನು ಅಳಿಸಿಹಾಕ್ದೆ. ಯಾಕೆ? ಒಂದು ಹೇಸರಗತ್ತೆಗೋಸ್ಕರ! ಇದನ್ನ ಇಟ್ಕೊಂಡು ನಾನು ಹೇಗೆ ಸಾಯ್ಲಿ ಹೇಳಿ?"

ಗುರುಗಳು ಗಡ್ಡ ಸವರಿಕೊಂಡರು. ಕೊನೆಗೆ, "ಅವನನ್ನೇ ಕೇಳಿ. ಒರೆಸು ಅಂದ್ರೆ ಒರೆಸಿ. ಬೇರೇನಾದ್ರೂ ಅಂದ್ರೆ ಅವನೇ ಬಂದು ನನ್ನ ಹತ್ರ ಹೇಳ್ಲಿ. ಹಬ್ಬಕ್ಕೆ ಒಂಬತ್ತೇ ದಿನ" ಎಂದರು.

ಮಾರನೆಯ ಬೆಳಿಗ್ಗೆ ಇಬ್ಬರೂ ಶಿಫೆರಣ್ಣನ ಮನೆಗೆ ಹೋದೆವು. ಒಂಟಿ ಮನುಷ್ಯ, ಅಂಗಳದಲ್ಲಿ ಕಂಬಳಿ ಹೊದ್ದು ಬಿಸಿಲು ಕಾಯಿಸುತ್ತಿದ್ದ. ನಾನು ಅಲ್ಲೇ ಒಲೆ ಹಚ್ಚಿ ಕಾಫಿಬೀಜ ಹುರಿಯತೊಡಗಿದೆ. ಇವರು ಎದುರಿಗೆ ಮಣೆ ಹಾಕಿ ಕೂತರು, ಕೂತೇ ಇದ್ದರು. ಗಂಡಸರ ಸಂಕೋಚ ನೋಡುವುದೆಂದರೆ ನನಗೆ ತಲೆನೋವು.

"ಹೇಳ್ರೀ, ಬಂದದ್ದು ಯಾಕೇಂತ ಬಾಯಿಬಿಟ್ಟು ಹೇಳಿ!" ಎಂದೆ.

"ಅಣ್ಣಾ, ನಾನು ತಪ್ಪು ಮಾಡ್ದೆ. ನಿನ್ನ ಮುಖ ಮತ್ತೆ ಬರೀಬೇಕು ಅಂತಿದ್ದೀನಿ. ನಿನ್ನ ನೋಡೋಕೆ ಬಂದೆ."

ಶಿಫೆರಣ್ಣ ಇವರನ್ನೊಮ್ಮೆ ನೋಡಿ, ಕೂತಲ್ಲೇ ಪಕ್ಕಕ್ಕೆ ತಿರುಗಿದ. "ಬರ್ಕೋ. ಈ ಕಡೆ ನಿಂಗೆ ಬಾಯಿಪಾಠ ಆಗಿದೆಯಲ್ಲ."

ಇವರ ಮುಖ ಸಪ್ಪಗಾಯಿತು. ಆಗ ಆ ಮುದುಕನ ಭುಜ ಕುಲುಕತೊಡಗಿತು; ನೋಡಿದರೆ ನಗುತ್ತಿದ್ದಾನೆ!

"ಹೆದರ್ಬೇಡ ಮಾರಾಯ. ಆ ಹೇಸರಗತ್ತೆ ಎಷ್ಟು ದೂರ ನಡೀತು? ನಂಗೆ ಯಾರೂ ಸರಿಯಾಗಿ ಹೇಳ್ಲೇ ಇಲ್ಲ."

"ಹೊಳೆವರೆಗೆ. ಅಲ್ಲಿ ಮಲಗ್ತು."

"ಹೊಳೆವರೆಗಾ! ನಾನು ಸಂತೆ ಗೇಟು ದಾಟಲ್ಲ ಅಂದ್ಕೊಂಡಿದ್ದೆ."

ಇಬ್ಬರೂ ಕೆಮ್ಮು ಬರುವವರೆಗೆ ನಕ್ಕರು. ಶಿಫೆರಣ್ಣ ಕಣ್ಣೊರೆಸಿಕೊಂಡು ಇತ್ತ ತಿರುಗಿದ. ಇವರು ಅವನ ಮುಖವನ್ನು ಆಗ ನೋಡತೊಡಗಿದರು. ಮೊದಲನೆಯ ಸುತ್ತು ಕಾಫಿ ಆಯಿತು, ಎರಡನೆಯದು ಆಯಿತು, ನೋಡುತ್ತಲೇ ಇದ್ದರು. ಕಾಗದ ಇಲ್ಲ, ಇದ್ದಿಲು ಇಲ್ಲ. ಶಿಫೆರಣ್ಣನೂ ಸುಮ್ಮನೆ ನೋಡಿಸಿಕೊಂಡ. ಅಷ್ಟು ವರ್ಷ ಬಗ್ಗಿ ಬಗ್ಗಿ ಕ್ಷೇಮ ಕೇಳಿದವರು ಒಬ್ಬರನ್ನೊಬ್ಬರು ನೆಟ್ಟಗೆ ನೋಡಿಯೇ ಇರಲಿಲ್ಲವೆಂದು ನನಗೆ ಆಗ ಹೊಳೆಯಿತು.

"ಚಾವಟಿ ತೆಗೆದುಬಿಡ್ತೀನಿ ಅಣ್ಣ" ಎಂದರು ಇವರು ಮೂರನೆಯ ಬಟ್ಟಲು ಹಿಡಿದು. "ಕೈಯಲ್ಲಿ ನೀರಿನ ಚೊಂಬು ಕೊಡ್ತೀನಿ. ಯೇಸುಗೆ ನೀರು ಕೊಡೋಕೆ ಬಂದೋನ ಹಾಗೆ ಇರುತ್ತೆ. ಗುರುಗಳೂ ಒಪ್ತಾರೆ."

"ಬೇಡ."

"ಯಾಕಣ್ಣ?"

"ನೀರು ಕೊಟ್ಟೋನು ನಾನಲ್ಲ. ಹಲ್ಲು ಉಜ್ಜಿ, ಹೆಂಡ ಕುಡ್ಸಿ ಮಾರಿದೋನು ನಾನೇ. ನಿಂಗೊಬ್ನಿಗಲ್ಲ, ಹತ್ತಾರು ಜನಕ್ಕೆ. ಚಾವಟಿ ಇರ್ಲಿ, ಅದು ನಂದೇ." ಬಟ್ಟಲು ಕೆಳಗಿಟ್ಟು ಹೇಳಿದ, "ಕಣ್ಣು ಕೊಡು ಸಾಕು. ಅದೂ ನಂದೇ ಅಲ್ವಾ?"

ನಾನು ಒಲೆಯ ಕಡೆ ತಿರುಗಿಕೊಂಡೆ. ಹೊಗೆ, ಹಾಳಾದ ಹೊಗೆ ಎಂದು ಗೊಣಗಿ ಒಲೆ ಊದಿದೆ.

ಅವತ್ತೇ ಮಧ್ಯಾಹ್ನ ಶಿಫೆರಣ್ಣ ಕೋಲೂರಿಕೊಂಡು ಚರ್ಚಿನ ಅಂಗಳಕ್ಕೆ ಬಂದ. ಗುರುಗಳು ಮರದ ಹತ್ತಿರ ಬಂದರು. ಎಲ್ಲ ಕೇಳಿ ತಲೆ ಅಡ್ಡಡ್ಡ ಆಡಿಸಿದರು.

"ಚಾವಟಿಯೂ ಇರ್ಬೇಕು, ಎರಡು ಕಣ್ಣೂ ಇರ್ಬೇಕು ಅಂದ್ರೆ ಹೇಗೆ? ಒಳ್ಳೆಯವನೋ ಕೆಟ್ಟವನೋ ಅಂತ ಜನಕ್ಕೆ ಗೊತ್ತಾಗೋದು ಹೇಗೆ?"

"ನನಗೂ ಗೊತ್ತಿಲ್ಲ ಸ್ವಾಮಿ" ಎಂದ ಶಿಫೆರಣ್ಣ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಊರಿನೋರೆಲ್ಲ ತಮ್ಮ ಪಾಪ ತಂದು ನಿಮ್ಮ ಕಿವೀಲಿ ಹೇಳ್ತಾರೆ. ಚಾವಟಿ ಎತ್ತದೇ ಇದ್ದೋನು ಒಬ್ಬನಾದ್ರೂ ಬಂದಿದ್ದಾನಾ?"

ಗುರುಗಳು ಕೈಯಲ್ಲಿದ್ದ ಶಿಲುಬೆಯನ್ನು ಇನ್ನೊಂದು ಕೈಗೆ ಬದಲಾಯಿಸಿದರು.

"ಒಂದೇ ಕಣ್ಣಿನೋನು ಒಬ್ಬನಾದ್ರೂ ಬಂದಿದ್ದಾನಾ?"

ಗುರುಗಳು ನೆಲ ನೋಡಿದರು, ಮರ ನೋಡಿದರು. ಆಮೇಲೆ ಇವರ ಕಡೆ ತಿರುಗಿ, "ಬರೀರಿ. ಜನ ಬೈದ್ರೆ ನಿಮ್ಮ ತಲೆಗೆ ಕಟ್ತೀನಿ" ಎಂದು ಬಿರಬಿರನೆ ಹೊರಟುಹೋದರು.

ಪಕ್ಕಕ್ಕೆ ತಿರುಗಿದ ಮುಖಕ್ಕೆ ಇನ್ನೊಂದು ಕಣ್ಣು ಅಂಟಿಸಲಾಗುವುದಿಲ್ಲ. ಇಡೀ ತಲೆಯನ್ನೇ ಹೊಸದಾಗಿ ಬರೆಯಬೇಕು. ಇವರು ಹಳೆಯ ಬಟ್ಟೆಯಲ್ಲಿ ಅಂಗೈಯಗಲ ಕತ್ತರಿಸಿ ತೆಗೆದು ಹೊಸ ತೇಪೆ ಅಂಟಿಸಿದರು. ಮುಖದ ಬಣ್ಣ ಹಳೆಯ ಮೈಗೆ ಹೊಂದಲಿಲ್ಲ, ಎರಡು ಸಲ ಅಳಿಸಿದರು. ಕುತ್ತಿಗೆ ಸೇರುವ ಕಡೆ ಗೆರೆ ಇವತ್ತಿಗೂ ಕಾಣುತ್ತದೆ. ಹಬ್ಬದ ಹಿಂದಿನ ದಿನ ಉಪವಾಸವಿದ್ದು ಕಣ್ಣು ಬರೆದರು. ಅವತ್ತು ಇವರು ಹೇಳುವ ಮೊದಲೇ ನಾನು ಮಸಿಯನ್ನು ಮೂರು ಸಲ ಅರೆದಿದ್ದೆ.

ಹಬ್ಬದ ಬೆಳಿಗ್ಗೆ ಶಿಫೆರಣ್ಣ ಒಗೆದ ಬಿಳಿ ಹೊದಿಕೆ ಹೊದ್ದು ಬಂದ. ಮರದ ಹತ್ತಿರ ಕಾಲು ತಾನಾಗಿಯೇ ನಿಂತಿತು. ಇವರು ಹೋಗಿ ಕೈ ಹಿಡಿದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಚೌಕಟ್ಟಿಗೆ ಮುತ್ತಿಟ್ಟು, ಇನ್ನೂ ಹೆಜ್ಜೆ ಎತ್ತಿಡದೆ ನಿಂತ. ಹಿಂದೆ ಜನ ಸೇರತೊಡಗಿದರು. "ಒಳಗೆ ನಡಿಯಣ್ಣ, ಬಿಸಿಲು ಸುಡ್ತಿದೆ" ಎಂದು ನಾನು ಬೆನ್ನಿಗೆ ಮೆಲ್ಲಗೆ ಕೈ ಕೊಟ್ಟೆ. ದಾಟಿದ.

ಗುರುಗಳು ಉತ್ತರದ ಗೋಡೆಯ ಪರದೆ ಸರಿಸಿದರು. ಶಿಫೆರಣ್ಣ ಮೊದಲು ತನ್ನ ಚಿತ್ರ ನೋಡುತ್ತಾನೆಂದು ನಾನು ಕಾದಿದ್ದೆ. ಅವನು ನೋಡಿದ್ದು ಕಂಬಕ್ಕೆ ಕಟ್ಟಿದ ಯೇಸುವನ್ನು. ತುಂಬ ಹೊತ್ತು ನೋಡಿದ. ಆಮೇಲೆ ಚಾವಟಿ ಎತ್ತಿದ ತನ್ನನ್ನು ನೋಡಿದ. ಮತ್ತೆ ಯೇಸುವನ್ನು.

"ಎಂಗಿದಾ" ಎಂದ ಮೆಲ್ಲಗೆ, "ಅವನ ಕಣ್ಣೂ ನನ್ನ ಕಣ್ಣೂ ಒಂದೇ ಥರ ಬರ್ದಿದ್ದೀಯಲ್ಲೋ."

"ನಂಗೆ ಬರೋದು ಒಂದೇ ಥರದ ಕಣ್ಣು ಕಣಣ್ಣ."

ಅದು ನಿಜ. ಇವರು ಯಾರಿಗೇ ಬರೆಯಲಿ, ದೇವರಿಗೆ, ದೇವದೂತನಿಗೆ, ಕುದುರೆಯ ಮೇಲಿನ ಸಂತನಿಗೆ, ಅದೇ ಬಾದಾಮಿಯಾಕಾರ, ಅದೇ ಕಪ್ಪು ಗುಡ್ಡೆ. ನಾನೇ ಎಷ್ಟೋ ಸಲ ಇದನ್ನು ಹೇಳಿ ಹಂಗಿಸಿದ್ದೆ.

ಜನ ಗುಸುಗುಸು ಶುರುಮಾಡಿದರು. "ಇದೇನಿದು, ಹೊಡೆಯೋನಿಗೂ ಎರಡು ಕಣ್ಣು?" ಎಂದು ಮುಂದಿದ್ದ ಮುದುಕಿ ಮುಲು ಕೇಳಿದಳು. ನಾನು ಸೊಂಟ ಕಟ್ಟಿದ್ದೆ, ಬಾಯಿ ತೆರೆಯುವುದೊಂದೇ ಬಾಕಿ. ಅವಳು ಚಿತ್ರ ನೋಡಿದಳು, ಪಕ್ಕದಲ್ಲಿ ನಿಂತ ಶಿಫೆರಣ್ಣನನ್ನು ನೋಡಿದಳು, ಆಮೇಲೆ ಸರಿದು ಅವನಿಗೆ ನಿಲ್ಲಲು ಜಾಗ ಬಿಟ್ಟಳು. ಪೂಜೆ ಶುರುವಾಯಿತು.

ನಗಾರಿ ಬಡಿದು ಹಾಡು ಮುಗಿದು ಊರೆಲ್ಲ ಅಂಗಳದ ಊಟಕ್ಕೆ ಹೊರಟಿತು. ಇವರು ಇಂಜೆರಾ ವಾಸನೆ ಹಿಡಿದು ಎಲ್ಲರಿಗಿಂತ ಮುಂದೆ ಹೋಗಿ ಕೂತಿದ್ದರು, ಮುಖದಲ್ಲಿ ಮಗುವಿನ ಸಂತೋಷ. ಶಿಫೆರಣ್ಣ ಕಾಣಲಿಲ್ಲ. ಒಳಗೆ ಹೋಗಿ ನೋಡಿದರೆ ಕೋಲಿಗೆ ಗದ್ದ ಊರಿ ಅಲ್ಲೇ ನಿಂತಿದ್ದಾನೆ.

"ಪೂಜೆ ಮುಗೀತಲ್ಲಣ್ಣ, ಎಲ್ಲಾ ಹೊರಗೆ ಹೋದ್ರು. ನೀನೂ ಬಾ."

"ಅವರೆಲ್ಲ ಹೋಗ್ಲಿ ತಂಗಿ. ನಾನು ಈಗ ತಾನೆ ಬಂದಿದ್ದೀನಿ."

ನಾನು ಹೊರಗೆ ಬಂದು ಅವನ ಪಾಲಿನ ಊಟ ತೆಗೆದು ಮುಚ್ಚಿಟ್ಟೆ.